ದತ್ತು ಮಕ್ಕಳ ಮನಸ್ಸಿಗೂ ಆಸರೆ ಬೇಕು



2022ರ ದತ್ತು ನಿಯಮಗಳ ಪ್ರಕಾರ, ಮಗು ಮನೆಗೆ ಬಂದ ಮೇಲೆ 2 ವರ್ಷ, 6 ತಿಂಗಳಿಗೊಮ್ಮೆ ಸಂಬಂಧಿಸಿದ ಸಂಸ್ಥೆಯವರು ಯೋಗಕ್ಷೇಮ ವಿಚಾರಿಸಬೇಕು. ಆದರೆ "ನನ್ನನ್ನು ಹೆತ್ತವರು ಯಾರು?" ಎಂದು ಮಗು ಕೊರಗತೊಡಗುವುದು ಹೆಚ್ಚಾಗಿ ಆಮೇಲೆಯೇ. ನಾನು ಕಟ್ಟಿಸಿದ ಕಟ್ಟಡಗಳಲ್ಲೂ ಗುತ್ತಿಗೆದಾರನ ಹೊಣೆ ಮುಗಿದ ಮೇಲೆಯೇ ಬಿರುಕು ಕಾಣುತ್ತಿತ್ತು!

ರೋಣ, ನರಗುಂದ, ಗಜೇಂದ್ರಗಡದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ಉಚಿತವಾಗಿ ಸಲಹೆ ಸಿಗುತ್ತದೆ. ದೂರಕ್ಕಿಂತ ಹೆಚ್ಚಾಗಿ ತಡೆಯುವುದು "ರಕ್ತ ಬೇರೆ" ಎಂಬ ನಮ್ಮವರದೇ ಚುಚ್ಚುಮಾತು. ಹುಟ್ಟು ಕೇಳದೆ ಇಷ್ಟಲಿಂಗ ಕೊಡುವ ಧರ್ಮದಲ್ಲಿ ಈ ಮಾತು ಎಲ್ಲಿಂದ ಬಂತು?

ಮಠಗಳು ತಿಂಗಳಿಗೊಂದು ದಿನ ಒಂದು ಕೋಣೆ ಬಿಟ್ಟುಕೊಟ್ಟು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರನ್ನು ಕರೆಸಲಿ. ಬಾಗಿಲಿಗೆ ಬೋರ್ಡು ಹಾಕಬೇಡಿ. ಯಾರು ಯಾಕೆ ಬಂದರೆಂದು ಊರಿಗೆ ತಿಳಿಯಬೇಕಿಲ್ಲ.