ಚಪ್ಪಾಳೆಯ ಬಳಿಕ ಬಾಗಿಲು ಮುಚ್ಚಿದವರು ಯಾರು?

2020 ಮಾರ್ಚ್ 22ರ ಸಂಜೆ ಈ ದೇಶ ಚಪ್ಪಾಳೆ ತಟ್ಟಿತು, ತಟ್ಟೆ-ಜಾಗಟೆ ಬಾರಿಸಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂವಿನ ಮಳೆಗರೆದುವು. ಆದರೆ ಇದೇ ದಿನಗಳಲ್ಲಿ, ಕೊರೋನಾ ವಾರ್ಡ್‌ನಲ್ಲಿ ದುಡಿದು ಬಂದ ವೈದ್ಯರು ಮತ್ತು ದಾದಿಯರಿಗೆ ಮನೆ ಖಾಲಿ ಮಾಡುವಂತೆ ಬಾಡಿಗೆದಾರರ ಒಡೆಯರು ಒತ್ತಾಯಿಸಿದ ಸುದ್ದಿಗಳೂ ದೇಶದ ವಿವಿಧೆಡೆಗಳಿಂದ ಬಂದುವು. ಚಪ್ಪಾಳೆ ತಟ್ಟಿದ ಕೈಯೇ ಬಾಗಿಲನ್ನೂ ಮುಚ್ಚಿತೇ? ಕೊರೋನಾ ಹಿಂದೆ ಸರಿದು ವರ್ಷಗಳು ಕಳೆದಿದ್ದರೂ ಈ ಪ್ರಶ್ನೆಗೆ ನಾವು ಉತ್ತರಿಸಿಲ್ಲ.

ಆಸ್ಪತ್ರೆ ಸಿಬ್ಬಂದಿಯ ಮಾನಸಿಕ ಒತ್ತಡದ ಬಗ್ಗೆ ಮಾತು ಬಂದಾಗಲೆಲ್ಲ ಬೆಂಗಳೂರು, ದೆಹಲಿ, ಮುಂಬಯಿಗಳ ದೊಡ್ಡ ಆಸ್ಪತ್ರೆಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಿಜವಾಗಿ, ಇಂತಹ ಸಣ್ಣ ಪಟ್ಟಣಗಳಲ್ಲಿ ಈ ಒತ್ತಡಕ್ಕೆ ಬೇರೆಯೇ ಒಂದು ಮುಖವಿದೆ. ಮಹಾನಗರದ ದಾದಿ ಪಾಳಿ ಮುಗಿಸಿ ಜನಜಂಗುಳಿಯಲ್ಲಿ ಮರೆಯಾಗಬಲ್ಲಳು. ಇಲ್ಲಿ ಅದು ಸಾಧ್ಯವಿಲ್ಲ. ಸರಕಾರಿ ಆಸ್ಪತ್ರೆಯ ನರ್ಸ್, ಲ್ಯಾಬ್ ತಂತ್ರಜ್ಞ, ಆಂಬುಲೆನ್ಸ್ ಚಾಲಕ, ಸ್ವಚ್ಛತಾ ಕಾರ್ಮಿಕ ಯಾವ ಓಣಿಯವರು, ಯಾರ ಮನೆಯವರು ಎಂಬುದು ಊರಿಗೆಲ್ಲ ಗೊತ್ತು. ರೋಗಿಯ ಸ್ಥಿತಿ ಬಿಗಡಾಯಿಸಿದರೆ ಹುಬ್ಬಳ್ಳಿಯ ಕಿಮ್ಸ್‌ಗೆ (ಅದರ ಈಗಿನ ಹೆಸರು ಕೆಎಂಸಿಆರ್‌ಐ) ಕಳುಹಿಸಬೇಕು. ಅಲ್ಲಿ ಹಾಸಿಗೆ ಸಿಗುತ್ತದೆಯೇ, ದಾರಿಯಲ್ಲಿ ಉಸಿರು ನಿಲ್ಲುತ್ತದೆಯೇ ಎಂಬುದು ತಾಲೂಕು ಆಸ್ಪತ್ರೆಯ ಸಿಬ್ಬಂದಿಯ ಕೈಯಲ್ಲಿಲ್ಲ. ಆದರೆ ರೋಗಿಯ ಮಗನ ಸಿಟ್ಟು, ಪತ್ನಿಯ ಕಣ್ಣೀರು ಎದುರಾಗುವುದು ಆ ಸಿಬ್ಬಂದಿಗೇ. ಮರುದಿನ ಸಂತೆಯಲ್ಲಿ ಅದೇ ಮಗ ಮತ್ತೆ ಎದುರು ಸಿಗುತ್ತಾನೆ. ಈ ಭಾರವನ್ನು ಯಾವ ಪಿಪಿಇ ಕಿಟ್ ತಾನೇ ತಡೆದೀತು?

ಆ ದಿನಗಳನ್ನು ಒಮ್ಮೆ ಊಹಿಸಿಕೊಳ್ಳಿ. ಬೇಸಗೆಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಪಿಪಿಇ ಕಿಟ್‌ನೊಳಗೆ ಬೆವರುವುದು. ಅದನ್ನು ಕಳಚಬೇಕಾದೀತೆಂಬ ಕಾರಣಕ್ಕೆ ನೀರೂ ಕುಡಿಯದಿರುವುದು. ಪಾಳಿಯ ಬಳಿಕ ಕ್ವಾರಂಟೈನ್. ಮನೆಗೆ ಮರಳಿದರೂ ಮಗುವನ್ನು ಎತ್ತಿಕೊಳ್ಳಲಾಗದ ಸಂಕಟ, ವೃದ್ಧ ತಾಯಿಗೆ ತನ್ನಿಂದಲೇ ಸೋಂಕು ತಗಲೀತೇ ಎಂಬ ಭೀತಿ. ಕುಟುಂಬದವರು ಹತ್ತಿರ ಬರಲಾಗದ ಮರಣಶಯ್ಯೆಯಲ್ಲಿ ರೋಗಿಯ ಕೊನೆಯ ಮಾತಿಗೆ ಸಾಕ್ಷಿಯಾದವಳು ಅದೇ ದಾದಿ. ಆ ಬಳಿಕ ಅವಳಿಗೆ ನಿದ್ದೆ ಬರಲಿಲ್ಲವೆಂದರೆ ಅದು ದೌರ್ಬಲ್ಯವಲ್ಲ, ಮನುಷ್ಯತ್ವ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಅಸುನೀಗಿದಾಗ, ವಾರ್ಡ್‌ನಲ್ಲಿದ್ದ ಸಿಬ್ಬಂದಿ ಆ ದೃಶ್ಯವನ್ನು ಹೊತ್ತುಕೊಂಡೇ ಮನೆಗೆ ಹೋಗಿರಬೇಕು. ನಾವು ಸಾವುಗಳನ್ನು ಎಣಿಸಿದೆವು, ತನಿಖೆಗೆ ಆಗ್ರಹಿಸಿದೆವು. ಅದು ಸರಿಯೇ. ಆದರೆ ಆ ಸಿಬ್ಬಂದಿ ಹೇಗಿದ್ದಾರೆಂದು ಯಾರಾದರೂ ಕೇಳಿದೆವೇ?

2020 ಆಗಸ್ಟ್‌ನಲ್ಲಿ ನಂಜನಗೂಡಿನ ತಾಲೂಕು ಆರೋಗ್ಯಾಧಿಕಾರಿ ಡಾ. ನಾಗೇಂದ್ರ ಅವರ ಆತ್ಮಹತ್ಯೆ ರಾಜ್ಯವನ್ನು ಬೆಚ್ಚಿಬೀಳಿಸಿತು. ಕೆಲಸದ ಒತ್ತಡವೇ ಇದಕ್ಕೆ ಕಾರಣವೆಂದು ಆರೋಪಿಸಿ ವೈದ್ಯರು ಬೀದಿಗಿಳಿದರು. ಸರಕಾರ ಪರಿಹಾರ ಘೋಷಿಸಿತು. ಕೇಂದ್ರ ಸರಕಾರವಂತೂ 2020ರ ಮಾರ್ಚ್‌ನಲ್ಲೇ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆಯನ್ನು ಪ್ರಕಟಿಸಿತ್ತು. ಆದರೆ ವಿಮೆ ಸಿಗುವುದು ಸತ್ತ ಮೇಲೆ. ಬದುಕಿದ್ದೂ ನಿದ್ದೆ ಕಳೆದುಕೊಂಡವರಿಗೆ ಯಾವ ವಿಮೆಯಿದೆ?

ಇನ್ನು ಆಶಾ ಕಾರ್ಯಕರ್ತೆಯರ ಪಾಡು. ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಈ ಸೀಮೆಯಲ್ಲಿ ಯಾವ ಮನೆಯಲ್ಲಿ ಯಾವಾಗ ತೊಟ್ಟಿಲು ಕಟ್ಟುತ್ತಾರೆಂದು ಮೊದಲು ತಿಳಿಯುವವಳು ಆಶಾ. ನವಲಗುಂದದಲ್ಲಿ ಜಮಖಾನ ನೇಯುವ ನಮ್ಮ ಸಹೋದರಿಯರ ಮನೆಬಾಗಿಲಿಗೂ ಲಸಿಕೆಯ ದಿನ ನೆನಪಿಸಲು ಹೋಗುವವಳು ಅವಳೇ. ಕೊರೋನಾ ಬಂದಾಗ ಇದೇ ಹೆಣ್ಣುಮಕ್ಕಳ ಕೈಗೆ ಸಮೀಕ್ಷೆಯ ಪಟ್ಟಿ ಕೊಡಲಾಯಿತು. 2020 ಜುಲೈಯಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂ. ಗೌರವಧನ ಮತ್ತು ಸುರಕ್ಷಾ ಸಾಧನಗಳಿಗಾಗಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಗೌರವಿಸಿತು. 2025 ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ಮತ್ತೆ ಧರಣಿ ಕೂತರು. ತಿಂಗಳಿಗೆ 10,000 ರೂ. ಖಾತರಿಯ ಭರವಸೆ ಪಡೆಯಲು ಅಷ್ಟು ವರ್ಷಗಳು ಬೇಕಾದುವು.

ಸರಕಾರವನ್ನು ಪ್ರಶ್ನಿಸುವುದು ಸುಲಭ. ಆದರೆ ಸಮುದಾಯವಾಗಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆ ನಡೆಯಿತು. ಅದೇ ತಿಂಗಳು ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದವರ ವಿರುದ್ಧ ಗುಂಪು ದಾಂಧಲೆ ನಡೆಸಿತು. ಆ ದಿನಗಳಲ್ಲಿ ತಬ್ಲೀಗ್ ಜಮಾಅತ್‌ನ ನೆಪದಲ್ಲಿ ಇಡೀ ಸಮುದಾಯವನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಲಾಗಿತ್ತು ಎಂಬುದು ಸುಳ್ಳಲ್ಲ. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಅದೇ ವರ್ಷದ ಆಗಸ್ಟ್‌ನಲ್ಲಿ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬರ್ಥದ ಮಾತು ಹೇಳಿತು. ಟಿ.ವಿ. ಚಾನೆಲ್‌ಗಳು ಹಚ್ಚಿದ ದ್ವೇಷದಿಂದ ನಮಗೆ ನೋವಾಗಿತ್ತು, ಭಯವೂ ಆಗಿತ್ತು. ಆದರೆ ಚಾನೆಲ್‌ನ ನಿರೂಪಕನ ಮೇಲಿನ ಸಿಟ್ಟನ್ನು ಬಾಗಿಲಿಗೆ ಬಂದ ಬಡ ಆಶಾ ಕಾರ್ಯಕರ್ತೆಯ ಮೇಲೆ ತೀರಿಸಿದ್ದು ಯಾವ ನ್ಯಾಯ? ಕೆಲವೇ ಮಂದಿ ಮಾಡಿದ್ದೆಂದು ಹೇಳಿ ನಾವು ಪಾರಾಗಬಹುದು. ಆದರೆ ಆ ಸುದ್ದಿ ಕೇಳಿದ ಬಳಿಕ ಕುಂದಗೋಳದ ಅಥವಾ ಅಣ್ಣಿಗೇರಿಯ ಆಶಾ ನಮ್ಮ ಮೊಹಲ್ಲಾದ ತಿರುವಿನಲ್ಲಿ ಒಂದು ಕ್ಷಣ ಅಂಜಿ ನಿಂತಿದ್ದರೆ, ಆ ಅಂಜಿಕೆಗೆ ನಾವೂ ಉತ್ತರದಾಯಿಗಳು.

ಅದೇ ಕಾಲದಲ್ಲಿ ನಮ್ಮ ಯುವಕರು ರಾಜ್ಯದ ಹಲವೆಡೆ ಜಾತಿ-ಮತ ನೋಡದೆ ಕೊರೋನಾ ಪೀಡಿತರ ಶವಸಂಸ್ಕಾರ ನಡೆಸಿದರು, ಆಕ್ಸಿಜನ್ ಒದಗಿಸಿದರು. ಸಮುದಾಯದ ನಿಜವಾದ ಮುಖ ಅದು. ಸಾಂಕ್ರಾಮಿಕ ಹರಡಿದ ಊರಿಗೆ ಹೋಗಬೇಡಿ, ಅಲ್ಲಿರುವವರು ಅಲ್ಲಿಂದ ಹೊರಡಬೇಡಿ ಎಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಕ್ವಾರಂಟೈನ್ ಹೊಸ ವಿಷಯವೂ ಅಲ್ಲ, ಅವಮಾನವೂ ಅಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಕಳುಹಿಸಿದ್ದು ಮಸೀದಿಯ ಆವರಣದಲ್ಲಿದ್ದ ರುಫೈದಾ(ರ)ರ ಡೇರೆಗೆ. ಮಹಿಳೆಯೊಬ್ಬರ ಶುಶ್ರೂಷೆಗೆ ಮಸೀದಿಯ ಅಂಗಳದಲ್ಲೇ ಜಾಗವಿತ್ತು. ಇಂದು ನರ್ಸಿಂಗ್ ಕಲಿತ ನಮ್ಮದೇ ಹೆಣ್ಣುಮಗಳ ರಾತ್ರಿಪಾಳಿಯನ್ನು ಮದುವೆ ಮಾತುಕತೆಯಲ್ಲಿ ಕೊಂಕು ಮಾಡುವ ನಾವು, ರುಫೈದಾರ ಹೆಸರನ್ನು ಯಾವ ಮುಖ ಹೊತ್ತು ಹೇಳುವುದು?

ಪರಿಹಾರವೇನು? ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ 2014ರಲ್ಲೇ ಆರಂಭಿಸಿತು. ಧಾರವಾಡದಲ್ಲಿ ಡಿಮ್ಹಾನ್ಸ್‌ನಂತಹ ಮಾನಸಿಕ ಆರೋಗ್ಯ ಸಂಸ್ಥೆಯೇ ಇದೆ. ಆದರೆ ತಾನು ದಿನವೂ ಚುಚ್ಚುಮದ್ದು ಕೊಡುವ ರೋಗಿಗಳೊಂದಿಗೆ ಅದೇ ಆಸ್ಪತ್ರೆಯ ಸರತಿಯಲ್ಲಿ ನಿಂತು, ‘ನನಗೆ ಮನಸ್ಸು ಸರಿಯಿಲ್ಲ’ ಎಂದು ಹೇಳಲು ಯಾವ ದಾದಿಗೆ ಧೈರ್ಯವಿದ್ದೀತು? ಆದ್ದರಿಂದ ಸಿಬ್ಬಂದಿಗೆಂದೇ ಪ್ರತ್ಯೇಕ, ಗೌಪ್ಯ ಸಮಾಲೋಚನೆ ಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿ 14416 ಒಂದು ದಾರಿ, ಹೆಸರು ಹೇಳದೆಯೂ ಮಾತಾಡಬಹುದು. ಗುತ್ತಿಗೆಯಲ್ಲಿ ದುಡಿಯುವವರಿಗೆ ನೌಕರಿಯ ಭದ್ರತೆ ಮತ್ತು ಸಕಾಲಕ್ಕೆ ವೇತನ ಸಿಗದಿದ್ದರೆ ಯಾವ ಸಮಾಲೋಚನೆಯೂ ಫಲಿಸದು. ನಾಳಿನ ಸಂಬಳದ ಚಿಂತೆಯಿರುವವನಿಗೆ ಧ್ಯಾನ ಕಲಿಸುವುದು ಒಂದು ಕ್ರೂರ ವ್ಯಂಗ್ಯ.

ಸರಕಾರ ಮಾಡಬೇಕಾದುದನ್ನು ಸರಕಾರ ಮಾಡಲಿ. ನಮ್ಮ ಪಾಲಿನದ್ದಕ್ಕೆ ಯಾವ ಬಜೆಟೂ ಬೇಡ. ಅಂಜುಮನ್ ಮತ್ತು ಮಸೀದಿ ಕಮಿಟಿಗಳು ತಮ್ಮ ಪ್ರದೇಶದ ಆಶಾ ಕಾರ್ಯಕರ್ತೆಯರನ್ನೂ ಆಸ್ಪತ್ರೆ ಸಿಬ್ಬಂದಿಯನ್ನೂ ಕರೆದು ಕೂರಿಸಿ ಅವರ ಅನುಭವವನ್ನು ಆಲಿಸಲಿ. ಶಾಲು ಹೊದಿಸುವುದು ಸಾಕು, ಈ ಬಾರಿ ಕಿವಿಗೊಡೋಣ. ಮುಂದೆ ಇಂತಹ ಸಂದರ್ಭ ಬಂದರೆ ಸಮೀಕ್ಷೆಗೆ ಬರುವವರ ಜೊತೆ ಮೊಹಲ್ಲಾದ ಇಬ್ಬರು ಹಿರಿಯರು ನಡೆದುಹೋಗುವರೆಂದು ಇಂದೇ ತೀರ್ಮಾನಿಸಲಿ. ಜುಮಾ ಖುತ್ಬಾದಲ್ಲಿ ವದಂತಿಯ ವಿರುದ್ಧ ಒಂದು ಮಾತು, ಶುಶ್ರೂಷೆಯ ಘನತೆಯ ಬಗ್ಗೆ ಒಂದು ಮಾತು ಇರಲಿ.

ಇನ್ನೊಂದು ಸಾಂಕ್ರಾಮಿಕ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದರೆ ನಮ್ಮ ಬಾಗಿಲು ತಟ್ಟುವವಳು ಅದೇ ದಾದಿ, ಅದೇ ಆಶಾ. ಅವಳು ಕಳೆದ ಬಾರಿಯ ನೋವನ್ನು ಮರೆತು ಬರಬೇಕೆಂದು ನಿರೀಕ್ಷಿಸುವ ನಾವು, ಅವಳಿಗಾಗಿ ಬಾಗಿಲು ತೆರೆಯಲು ಸಿದ್ಧರಿದ್ದೇವೆಯೇ?