ನ್ಯಾಮತಿಗೆ ಶಿವಮೊಗ್ಗವೇ ಹತ್ತಿರ

2021ರ ಜೂನ್ 14ರಂದು ರಾಜ್ಯದ ಉಳಿದೆಡೆ ಕೋವಿಡ್ ನಿರ್ಬಂಧ ಸಡಿಲವಾದರೂ ದಾವಣಗೆರೆ ಸೇರಿ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ ಮುಂದುವರಿಯಿತು. ಅದು ಸರಿಯೇ, ಸೋಂಕು ಇಳಿದಿರಲಿಲ್ಲ. ಆದರೆ ಹಳ್ಳಿಯವರಿಗೆ ಯಾವ ವಿನಾಯಿತಿಯೂ ಬೇಡ, ಜಿಲ್ಲೆಯ ಗಡಿಗೆ ಬೀಗ ಹಾಕಿ ಎಂದು ಆಗ ಕೆಲವರು ಬರೆದ ವಾದ ನಕ್ಷೆ ನೋಡದೆ ಮಾಡಿದ್ದು. ದಾವಣಗೆರೆ ಜಿಲ್ಲೆಯ ನ್ಯಾಮತಿಯ ರೋಗಿಗೆ ದಾವಣಗೆರೆ ನಗರಕ್ಕಿಂತ ಪಕ್ಕದ ಜಿಲ್ಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಚೆಕ್‌ಪೋಸ್ಟ್‌ನಲ್ಲಿ ಬೈಕ್ ನಿಲ್ಲಿಸಿ, ಹಿಂದೆ ಏದುಸಿರು ಬಿಡುತ್ತಾ ಕೂತ ತಾಯಿಯನ್ನು ಹಿಡಿದುಕೊಂಡು ಮಗ ಜೇಬಿನಲ್ಲಿ ಅನುಮತಿ ಚೀಟಿ ಹುಡುಕಬೇಕಿತ್ತೇ? ಜಿಲ್ಲೆಯ ರೈತರಿಗೂ ವಿನಾಯಿತಿ ಬೇಕಿತ್ತು. ಜಗಳೂರಿನ ಮಳೆಯಾಶ್ರಿತ ಹೊಲಕ್ಕೆ ಜೂನ್ ಎಂದರೆ ಮೆಕ್ಕೆಜೋಳದ ಬಿತ್ತನೆ. ಹದ ತಪ್ಪಿದರೆ ವರ್ಷವೇ ಹೋಯಿತು. ಚನ್ನಗಿರಿಯ ಒಣಅಡಿಕೆ ಗೋದಾಮಿನಲ್ಲಿ ಕಾದೀತು, ಬಿತ್ತನೆ ಕಾಯದು. ಮದುವೆ, ಜಾತ್ರೆ ನಿಲ್ಲಿಸುವುದಕ್ಕೆ ನಾನೂ ಜೊತೆಗಿದ್ದೆ. ಆದರೆ ಹೊನ್ನಾಳಿ, ಜಗಳೂರಿನ ತಾಲ್ಲೂಕು ಆಸ್ಪತ್ರೆಗಳಿಗೆ ಆಕ್ಸಿಜನ್ ಹಾಸಿಗೆ ಹೆಚ್ಚಿಸಿ ಎಂದು ಒಂದು ಸಾಲೂ ಬರೆಯದೆ ಅವರು ರಸ್ತೆಯನ್ನಷ್ಟೇ ಮುಚ್ಚಿಸಲು ಹೊರಟಿದ್ದನ್ನು ನಾನು ಒಪ್ಪಲಾರೆ.