ಯಾರ ಕಿವಿ ಯಾರ ಕೈಯಲ್ಲಿ?

ಮಾಸ್ತರರು ಜೋಕು ಹೇಳಿದರೆ ತರಗತಿ ನಗಲೇಬೇಕು. ನಗು ಬಂದದ್ದು ಜೋಕಿಗೋ, ಮೇಜಿನ ಮೇಲಿನ ಹಾಜರಿ ಪುಸ್ತಕಕ್ಕೋ ಎಂದು ವಿಚಾರಿಸುವವರಿಲ್ಲ. ಹುಡುಗರ ಕಿವಿ ನಮ್ಮ ಕೈಯಲ್ಲಿರುತ್ತದೆ. ರೇಡಿಯೋದಲ್ಲಿ ಹಾಗಲ್ಲ, ಅಲ್ಲಿ ಕಿವಿ ಹಿಂಡುವ ಅಧಿಕಾರ ಕೇಳುಗನದು. ಬನಹಟ್ಟಿಯ ನೇಕಾರನಿರಲಿ, ನಮ್ಮ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯಿರಲಿ, ಮಾತು ಬೇಸರವಾದರೆ ಟಕ್ಕನೆ ಗುಂಡಿ ತಿರುವಿಬಿಡುತ್ತಾನೆ. ಮಾಸ್ತರಿಕೆಯ ಹಾಸ್ಯಕ್ಕೆ ನಿಜವಾದ ಪರೀಕ್ಷೆ ಅಲ್ಲಿಯೇ.

ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವರು ಅಮೆರಿಕದ ಒಬ್ಬ ಅಕ್ಕೋರು. ಸಿಬಿಎಸ್ ರೇಡಿಯೋದಲ್ಲಿ 1948ರಿಂದ 1957ರವರೆಗೆ ಬಂದ 'ಅವರ್ ಮಿಸ್ ಬ್ರೂಕ್ಸ್' ನಗೆನಾಟಕದ ನಾಯಕಿ. ದನಿ ಕೊಟ್ಟವರು ನಟಿ ಈವ್ ಆರ್ಡನ್. ಮಿಸ್ ಬ್ರೂಕ್ಸ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಸಂಬಳ ಸಾಲದು. ಹೆಡ್‌ಮಾಸ್ತರ ಕಾಂಕ್ಲಿನ್ ಸದಾ ಗುಡುಗುವವರು. ಮನಸ್ಸು ಕೊಟ್ಟದ್ದು ಜೀವಶಾಸ್ತ್ರದ ಬಾಯ್ಂಟನ್ ಮಾಸ್ತರರಿಗೆ. ಅವರ ಗಮನವೆಲ್ಲ ತಾವು ಸಾಕಿದ ಕಪ್ಪೆಯ ಮೇಲೆ! (ವಿಜ್ಞಾನದ ಮಾಸ್ತರರ ಮಾನ ಹೋಗುವುದೇ ಹೀಗೆ.) ಈ ಅಕ್ಕೋರ ಮಾತಿನ ಮೊನೆ ಹೆಚ್ಚಾಗಿ ತಿರುಗುತ್ತಿದ್ದುದು ಹೆಡ್‌ಮಾಸ್ತರರ ದರ್ಪದ ಕಡೆಗೆ, ತಮ್ಮದೇ ಬರಿದಾದ ಪರ್ಸಿನ ಕಡೆಗೆ. ಕೇಳಿದ ಶಿಕ್ಷಕರು ಸಿಟ್ಟಾಗಲಿಲ್ಲ. 1952ರಲ್ಲಿ ಕನೆಕ್ಟಿಕಟ್‌ನ ಶಿಕ್ಷಕರ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ, ಶಿಕ್ಷಕರೂ ಮನುಷ್ಯರೇ ಎಂದು ತೋರಿಸಿಕೊಟ್ಟದ್ದಕ್ಕಾಗಿ ಆರ್ಡನ್ ಅವರನ್ನು ಗೌರವಿಸಿತು.

ನಮ್ಮಲ್ಲಂತೂ ರೇಡಿಯೋ ಹುಟ್ಟಿದ್ದೇ ಮಾಸ್ತರರ ಮನೆಯಲ್ಲಿ. ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ 30 ವ್ಯಾಟ್. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ಅರವತ್ತರ ಬಲ್ಬಿನ ಅರ್ಧ! ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಆ ಕೇಂದ್ರಕ್ಕೆ ಹೆಗಲು ಕೊಟ್ಟವರಲ್ಲಿ ಇತಿಹಾಸ ಕಲಿಸುತ್ತಿದ್ದ ನಾ. ಕಸ್ತೂರಿಯವರೂ ಒಬ್ಬರು. ಮನೆಮಾತು ಮಲಯಾಳಂ, ನಗಿಸಿದ್ದು ಕನ್ನಡಿಗರನ್ನು. ಅವರ 'ಅನರ್ಥಕೋಶ'ದಲ್ಲಿ ಕಿವಿ ಹಿಂಡಿಸಿಕೊಂಡದ್ದು ಪದಗಳು, ಪಾಪದ ಮನುಷ್ಯರಲ್ಲ.

ಇದರಲ್ಲಿ ನಮಗೊಂದು ಪಾಠವಿದೆ. ಚುರುಕು ನಾಲಿಗೆ ಮಾಸ್ತರರಿಗೆ ವರವೂ ಹೌದು, ಶಾಪವೂ ಹೌದು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದರೆ "ತೊಂಬತ್ತು" ಎಂದ ಹುಡುಗಿಯನ್ನು ಒಂದು ಚಾಟಿಮಾತಿನಿಂದ ನಗೆಪಾಟಲು ಮಾಡುವುದು ಸುಲಭ. ಅರವತ್ತು ಮಕ್ಕಳು ನಗುತ್ತಾರೆ, ಒಂದು ಕೈ ಮಾತ್ರ ವರ್ಷವಿಡೀ ಮೇಲೇಳುವುದಿಲ್ಲ. ಎತ್ತರದ ಬೆಟ್ಟದ ಮೇಲೆ ನೀರು ತೊಂಬತ್ತಕ್ಕೇ ಕುದಿಯುತ್ತದೆ ಎಂದು ಹೇಳುವ ಅವಕಾಶವನ್ನು ಮಾಸ್ತರರೂ ಕಳೆದುಕೊಂಡಂತೆ.

ಆ ಹುಡುಗಿಗೆ ನಮ್ಮ ದನಿ ನಿಲ್ಲಿಸುವ ಗುಂಡಿಯಿಲ್ಲ. ಇದೆಯೆಂದು ತಿಳಿದೇ ನಾವು ಮಾತಾಡಬೇಕು.